ವೈಯಾಕರಣ ಕೇಶಿರಾಜ

ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿದು, ಬಾಣಾವರ ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ ೧೬ ಕಿಲೋಮೀಟರು ದೂರದ ಬೇಲೂರಿಗೂ ಹೋಗುವ ಪ್ರವಾಸಿಗರು ಅಸಂಖ್ಯ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯನ್ನು ಸುತ್ತುವರಿದ ಆನೆಗಳ ಸಾಲು, ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರು, ಇವುಗಳನ್ನು ಕಂಡು ಬೆರಗಾಗದವರಿಲ್ಲ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಕಲ್ಲಿನಲ್ಲಿ ಹೊಯ್ಸಳರ ನಾಡು ಸಾಧಿಸಿದ್ದನ್ನು ಈಗ ಲೋಕವೇ ಬಲ್ಲದು.

ಆದರೆ ಅದೇ ನಾಡು, ಅದೇ ಕಾಲದಲ್ಲಿ, ಕಲ್ಲಿಗಿಂತಲೂ ಸೂಕ್ಷ್ಮವಾದ ವಸ್ತುವೊಂದರಲ್ಲಿ ಇನ್ನೊಂದು ಕಟ್ಟಡವನ್ನು ನಿರ್ಮಿಸಿತು. ಆ ವಸ್ತುವೇ ಮಾತು. ಆ ಕಟ್ಟಡದ ಹೆಸರು ‘ಶಬ್ದಮಣಿದರ್ಪಣ’. ಅದನ್ನು ಕಟ್ಟಿದ ಶಿಲ್ಪಿ ಕೇಶಿರಾಜ. ಇದನ್ನು ನೋಡಲು ಪ್ರಯಾಣ ಮಾಡಬೇಕಾಗಿಲ್ಲ. ನಾವು ಬಾಯಿ ತೆರೆದು ಒಂದು ವಾಕ್ಯವನ್ನಾಡಿದರೆ ಸಾಕು, ಆತನು ಕಂಡು ಹೇಳಿದ ನಿಯಮಗಳು ನಮ್ಮ ನಾಲಗೆಯ ಮೇಲೆ ಸುಳಿದಾಡುತ್ತವೆ.

ಕೇಶಿರಾಜನ ಕಾಲ ಕ್ರಿ.ಶ. ೧೨೬೦ರ ಸುಮಾರು. ತನ್ನ ವಿಷಯವಾಗಿ ಆತನು ಬರೆದುಕೊಂಡಿರುವುದು ಅತ್ಯಲ್ಪ. ತನ್ನ ಮನೆತನದ ಹಿರಿಯರನ್ನು ನೆನೆದು, ತಾನು ರಚಿಸಿದ ಕೃತಿಗಳ ಹೆಸರನ್ನು ಹೇಳಿ, ಆತನು ಕೂಡಲೇ ತನ್ನ ಕೆಲಸಕ್ಕೆ ತೊಡಗುತ್ತಾನೆ. ಆದರೆ ಆ ಹಿರಿಯರು ಸಾಮಾನ್ಯರಲ್ಲ. ತಾಯಿಯ ತಂದೆಯಾದ ಸುಮನೋಬಾಣನು ಯಾದವ ಕುಲದವರೆನಿಸಿದ ಹೊಯ್ಸಳರ ಕಟಕದಲ್ಲಿ ಆಚಾರ್ಯನಾಗಿದ್ದವನು; ಸ್ವತಃ ಕವಿಯೆಂದು ಹೆಸರಾದವನು. ಸೋದರಮಾವನು ಜನ್ನ. ‘ಯಶೋಧರ ಚರಿತೆ’ಯನ್ನು ೧೨೦೯ರಲ್ಲಿಯೂ ‘ಅನಂತನಾಥ ಪುರಾಣ’ವನ್ನು ೧೨೩೦ರಲ್ಲಿಯೂ ರಚಿಸಿ, ಇಮ್ಮಡಿ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಮಹಾಕವಿ ಈತ. ತಂದೆ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿ ‘ಸೂಕ್ತಿಸುಧಾರ್ಣವ’ವೆಂಬ ಸಂಕಲನ ಗ್ರಂಥವನ್ನು ಸಿದ್ಧಪಡಿಸಿದವನು. ತನಗಿಂತ ಹಿಂದಿನ ಕನ್ನಡ ಕವಿಗಳ ಕಾವ್ಯಗಳಿಂದ ಉತ್ತಮವಾದ ಪದ್ಯಗಳನ್ನು ಆಯ್ದು, ಕಾವ್ಯದ ಹದಿನೆಂಟು ವರ್ಣನೆಗಳಿಗೆ ಅನುಗುಣವಾಗಿ ಅವುಗಳನ್ನು ಜೋಡಿಸಿದ ಗ್ರಂಥವದು.

ಒಬ್ಬನು ಅಕ್ಷರ ಕಲಿಸುವ ಆಚಾರ್ಯ. ಒಬ್ಬನು ಪದ್ಯಗಳನ್ನು ಆಯುವ ರಸಿಕ. ಒಬ್ಬನು ಕಾವ್ಯವನ್ನು ಕಟ್ಟುವ ಕವಿ. ಇಂಥ ಮೂವರ ನಡುವೆ ಬೆಳೆದ ಬಾಲಕನ ಕಿವಿ ಎಷ್ಟು ಹದಗೊಂಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಪಂಪ ರನ್ನರ ಮಾತುಗಳು ಅವನಿಗೆ ಓಲೆಯ ಗರಿಗಳಲ್ಲಿ ಹುದುಗಿದ ಹಳೆಯ ಸಂಗತಿಗಳಾಗಿರಲಿಲ್ಲ. ಮನೆಯ ಜಗಲಿಯ ಮೇಲೆ ದಿನನಿತ್ಯ ಕೇಳಿಬರುವ ಮಾತುಗಳಾಗಿದ್ದುವು.

ಕೇಶಿರಾಜನೂ ಮೊದಲು ಕವಿಯೇ. ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಮೊದಲಾದ ಕೃತಿಗಳನ್ನು ತಾನು ರಚಿಸಿದುದಾಗಿ ಆತನು ಹೇಳಿದ್ದಾನೆ. ಇವುಗಳಲ್ಲಿ ಒಂದಾದರೂ ನಮಗೆ ದೊರೆತಿಲ್ಲ. ಕವಿಯಾಗಬೇಕೆಂದು ಹಂಬಲಿಸಿ ಅವನು ಕಟ್ಟಿದ ಕಾವ್ಯಗಳೆಲ್ಲವೂ ಕಾಲದ ಪಾಲಾದುವು. ಇತರರ ಮಾತುಗಳನ್ನು ತಿದ್ದಿ ತೀಡಿ ಕಾಪಾಡಲೆಂದು ಬರೆದ ವ್ಯಾಕರಣವೊಂದೇ ಉಳಿಯಿತು. ವಿಧಿಯ ಈ ವಿಪರ್ಯಾಸವನ್ನು ನೆನೆದಾಗ ಮನಸ್ಸು ಮರುಗುತ್ತದೆ. ಆದರೆ ಉಳಿದ ಆ ಒಂದೇ ಗ್ರಂಥ ಅವನ ಹೆಸರನ್ನು ಏಳುನೂರು ವರ್ಷಗಳಿಗೂ ಮಿಕ್ಕಿ ಬಾಳಿಸಿದೆ.

ಅವನು ವ್ಯಾಕರಣವನ್ನು ಬರೆಯಲು ಏಕೆ ತೊಡಗಿದನು? ಅವನಿಗಿಂತ ಮೊದಲೇ ಕನ್ನಡಕ್ಕೆ ವ್ಯಾಕರಣಗಳಿದ್ದುವು. ನಾಗವರ್ಮನು ತನ್ನ ‘ಕಾವ್ಯಾವಲೋಕನ’ದ ಮೊದಲ ಭಾಗದಲ್ಲಿ ಕನ್ನಡದ ಶಬ್ದಗಳ ಲಕ್ಷಣವನ್ನು ಸಂಗ್ರಹವಾಗಿ ಹೇಳಿದ್ದನು, ‘ಕರ್ಣಾಟಕ ಭಾಷಾಭೂಷಣ’ವೆಂಬ ಇನ್ನೊಂದು ವ್ಯಾಕರಣವನ್ನು ಸಂಸ್ಕೃತದ ಸೂತ್ರಗಳಲ್ಲಿ ರಚಿಸಿದ್ದನು. ಕೇಶಿರಾಜನಿಗೆ ಅಷ್ಟು ಸಾಲದೆಂದು ತೋರಿತು. ಕನ್ನಡದ ವ್ಯಾಕರಣವನ್ನು ಕನ್ನಡದಲ್ಲಿಯೇ, ವಿಸ್ತಾರವಾಗಿ, ಉದಾಹರಣೆಗಳೊಡನೆ ಹೇಳಬೇಕೆಂಬುದು ಅವನ ಸಂಕಲ್ಪ. ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದ ದರ್ಶನ, ಅದರಿಂದ ಮುಕ್ತಿ ಎಂಬ ಮೆಟ್ಟಿಲುಗಳನ್ನು ಅವನು ತೋರಿಸುತ್ತಾನೆ. ಅವನ ಪಾಲಿಗೆ ಒಂದು ಅಕ್ಷರವನ್ನು ಸರಿಯಾಗಿ ನುಡಿಯುವುದು ಬರಿಯ ಪಾಂಡಿತ್ಯವಲ್ಲ. ಆ ಏಣಿಯ ಮೊದಲ ಮೆಟ್ಟಿಲು. ಇಷ್ಟಾದರೂ ಅವನಿಗೆ ಅಹಂಕಾರವಿಲ್ಲ. ತನ್ನ ಗ್ರಂಥದಲ್ಲಿ ದೋಷ ಕಂಡರೆ ತಿದ್ದಬೇಕೆಂದೂ ಗುಣ ಕಂಡರೆ ಮೆಚ್ಚಿ ಸ್ವೀಕರಿಸಬೇಕೆಂದೂ ವಿದ್ವಾಂಸರಲ್ಲಿ ವಿನಯದಿಂದ ಬೇಡಿಕೊಳ್ಳುತ್ತಾನೆ.

ಈ ಸಂಕಲ್ಪದ ಹಿಂದೆ ಇನ್ನೊಂದು ಕಾರಣವೂ ಇದ್ದಿತು. ಕನ್ನಡವು ಆಗ ವೇಗವಾಗಿ ಬದಲಾಗುತ್ತಿದ್ದ ಕಾಲ. ಶಬ್ದಗಳ ಮೊದಲಲ್ಲಿದ್ದ ಪಕಾರವು ಹಕಾರವಾಗುತ್ತಿದ್ದಿತು. ಪಾಲು ಹಾಲಾಯಿತು, ಪೂವು ಹೂವಾಯಿತು. ತನ್ನ ಗ್ರಂಥದಲ್ಲಿ ಆದಿಕವಿಯನ್ನು ಸ್ಮರಿಸುವಾಗ ಕೇಶಿರಾಜನೇ ಅವನನ್ನು ಹಂಪನೆಂದು ಕರೆದಿದ್ದಾನೆ; ಪೊನ್ನನನ್ನು ಹೊನ್ನನೆಂದಿದ್ದಾನೆ. ಱ, ೞ ಎಂಬ ಅಕ್ಷರಗಳ ವಿಶಿಷ್ಟವಾದ ಉಚ್ಚಾರಣೆಯು ಜನರ ಬಾಯಿಂದ ಜಾರಿಹೋಗುತ್ತಿದ್ದಿತು. ‘ಬಾಳ್’ ಎಂದರೆ ಖಡ್ಗ; ‘ಬಾೞ್’ ಎಂದರೆ ಜೀವಿಸು. ‘ಕರೆ’ ಎಂದರೆ ಕೂಗು. ‘ಕಱೆ’ ಎಂದರೆ ಹಾಲನ್ನು ಹಿಂಡು. ಅಕ್ಷರದ ಭೇದ ಅಳಿದರೆ ಅರ್ಥದ ಭೇದವೂ ಅಳಿಯುತ್ತದೆ. ಆದ್ದರಿಂದ ೞಕಾರವುಳ್ಳ ಶಬ್ದಗಳನ್ನು ಆರಿಸಿ, ಪದ್ಯಗಳಲ್ಲಿ ಪೋಣಿಸಿ, ಮುಂದಿನವರು ಮರೆಯದಂತೆ ಅವನು ಪಟ್ಟಿ ಮಾಡಿಟ್ಟನು. ನೆರೆ ಬರುವ ಮುನ್ನ ಕಣಜದ ಬಿತ್ತನೆಯ ಕಾಳನ್ನು ಅಟ್ಟಕ್ಕೇರಿಸುವ ರೈತನ ಎಚ್ಚರ ಅದು.

ಶಬ್ದಮಣಿದರ್ಪಣದ ಕಟ್ಟಡವು ಅಚ್ಚುಕಟ್ಟಾದುದು. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣಗಳು. ಮೊದಲಿಗೆ ಪೀಠಿಕೆ, ಕೊನೆಗೆ ಅಪೂರ್ವವಾದ ಶಬ್ದಗಳ ಅರ್ಥವನ್ನು ತಿಳಿಸುವ ಪ್ರಯೋಗಸಾರ. ಪ್ರತಿಯೊಂದು ನಿಯಮವೂ ಒಂದು ಕಂದಪದ್ಯ. ಕಂದದ ನಾಲ್ಕು ಪಾದಗಳಲ್ಲಿ ೧೨, ೨೦, ೧೨, ೨೦ರಂತೆ ಒಟ್ಟು ೬೪ ಮಾತ್ರೆಗಳು. ಆ ೬೪ ಮಾತ್ರೆಗಳ ಪುಟ್ಟ ಪಾತ್ರೆಯಲ್ಲಿ ನಿಯಮವು ತುಳುಕದಂತೆ ತುಂಬಬೇಕು. ಬಾಯಿಪಾಠ ಮಾಡುವ ವಿದ್ಯಾರ್ಥಿಯ ನೆನಪಿನಲ್ಲಿ ನಿಲ್ಲಲೂ ಬೇಕು. ಪದ್ಯದ ಬಳಿಕ ಅದರ ಅರ್ಥವನ್ನು ಬಿಡಿಸಿ ಹೇಳುವ ಗದ್ಯವೃತ್ತಿ. ವೃತ್ತಿಯ ಬಳಿಕ ಪ್ರಯೋಗ, ಅಂದರೆ ಹಿಂದಿನ ಕವಿಗಳ ಕಾವ್ಯಗಳಿಂದ ಆಯ್ದ ನಿದರ್ಶನಗಳು. ನಿಯಮ, ವಿವರಣೆ, ಪರೀಕ್ಷೆ ಎಂಬ ಈ ಮೂರರ ಕ್ರಮವನ್ನು ಕೇಶಿರಾಜನು ಎಲ್ಲಿಯೂ ಕೈಬಿಡುವುದಿಲ್ಲ.

ಅವನು ಮೊದಲಿಗೆ ಅಕ್ಷರವನ್ನು ಹಿಡಿಯುತ್ತಾನೆ. ಜೀವನ ಇಚ್ಛೆಯಿಂದ ನಾಭಿಯ ಮೂಲದಲ್ಲಿ ಅನುಕೂಲವಾದ ಗಾಳಿಯು ಎದ್ದು, ಕಹಳೆಯ ಹಾಗೆ ಶಬ್ದವು ಹೊರಹೊಮ್ಮುವುದೆಂದು ವರ್ಣಿಸುತ್ತಾನೆ. ಜೈನ ದರ್ಶನಕ್ಕೆ ಅನುಸಾರವಾಗಿ ಶಬ್ದವನ್ನು ಒಂದು ದ್ರವ್ಯವೆಂದೇ ಭಾವಿಸಿ, ಅದರ ಬಣ್ಣವು ಬಿಳಿಯೆಂದು ಹೇಳುತ್ತಾನೆ. ಅನಂತರ ಅಕ್ಷರಗಳನ್ನು ಎಣಿಸುತ್ತಾನೆ. ಸಂಸ್ಕೃತದಿಂದ ಬಂದ ವರ್ಣಮಾಲೆಯಲ್ಲಿ ಅಚ್ಚಗನ್ನಡಕ್ಕೆ ಸಲ್ಲದವುಗಳನ್ನು ಕಳೆದು, ದೇಶೀಯವಾದ ಐದನ್ನು, ಎಂದರೆ ಹ್ರಸ್ವವಾದ ಎ ಮತ್ತು ಒ, ಹಾಗೂ ಱ, ೞ, ಳ ಎಂಬುವನ್ನು ಕೂಡಿಸಿ, ಕನ್ನಡದ ಶುದ್ಧವಾದ ಅಕ್ಷರಗಳು ೪೭ ಎಂದು ನಿರ್ಣಯಿಸುತ್ತಾನೆ. ಎರವಲು ಬಂದ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪದೆ, ತನ್ನ ಜನರ ನಾಲಗೆಯನ್ನು ಕೇಳಿ ಲೆಕ್ಕ ಮಾಡಿದ ಧೈರ್ಯ ಇಲ್ಲಿದೆ.

ಅಕ್ಷರಗಳು ಸೇರಿ ಶಬ್ದವಾಗುತ್ತವೆ. ಶಬ್ದಗಳು ಒಂದರ ಪಕ್ಕದಲ್ಲಿ ಒಂದು ಬಂದಾಗ ಅವುಗಳ ಅಂಚಿನ ಅಕ್ಷರಗಳು ಮಾರ್ಪಡುತ್ತವೆ. ಇದೇ ಸಂಧಿ. ನೋಡಲು ಅಸ್ತವ್ಯಸ್ತವಾಗಿರುವ ಈ ಮಾರ್ಪಾಟುಗಳನ್ನು ನಮ್ಮ ವೈಯಾಕರಣರು ಮೂರು ಕಾರ್ಯಗಳಿಗೆ ಇಳಿಸಿದ್ದಾರೆ. ಮೊದಲನೆಯದು ಲೋಪ, ಅಂದರೆ ಇದ್ದುದನ್ನು ತೆಗೆಯುವುದು. ‘ಊರು’ ಎಂಬುದಕ್ಕೆ ‘ಅನ್ನು’ ಸೇರಿದಾಗ ಉಕಾರವು ಬಿದ್ದುಹೋಗಿ ‘ಊರನ್ನು’ ಎಂದಾಗುತ್ತದೆ. ಎರಡನೆಯದು ಆಗಮ, ಅಂದರೆ ಇಲ್ಲದುದನ್ನು ಸೇರಿಸುವುದು. ‘ಮನೆ’ ಎಂಬುದಕ್ಕೆ ‘ಅನ್ನು’ ಸೇರಿದಾಗ ನಡುವೆ ಯಕಾರವು ಬಂದು ‘ಮನೆಯನ್ನು’ ಎಂದಾಗುತ್ತದೆ. ‘ಗುರು’ವಿಗೆ ಸೇರಿದಾಗ ವಕಾರವು ಬಂದು ‘ಗುರುವನ್ನು’ ಎಂದಾಗುತ್ತದೆ. ಮೂರನೆಯದು ಆದೇಶ, ಅಂದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು. ‘ಮಳೆ’ಯೂ ‘ಕಾಲ’ವೂ ಕೂಡಿದಾಗ ಕಕಾರದ ಸ್ಥಾನಕ್ಕೆ ಗಕಾರವು ಬಂದು ‘ಮಳೆಗಾಲ’ವಾಗುತ್ತದೆ, ‘ಬೆಟ್ಟ’ವೂ ‘ತಾವರೆ’ಯೂ ಕೂಡಿ ‘ಬೆಟ್ಟದಾವರೆ’ಯಾಗುತ್ತದೆ. ತೆಗೆಯುವುದು, ಸೇರಿಸುವುದು, ಬದಲಿಸುವುದು: ಈ ಮೂರೇ ಕಾರ್ಯಗಳಿಂದ ಇಡೀ ಭಾಷೆಯ ಶಬ್ದಸಾಗರವು ಅಲೆಯಲೆಯಾಗಿ ಮೇಲೇಳುತ್ತದೆ.

ಆದರೆ ಕೇಶಿರಾಜನು ನಿಯಮಕ್ಕೆ ದಾಸನಾದವನಲ್ಲ. ಸಂಧಿ ಮಾಡಿದರೆ ಕಿವಿಗೆ ಕರ್ಕಶವಾಗುವ ಕಡೆ, ಅರ್ಥವು ಕೆಡುವ ಕಡೆ, ಸಂಧಿಯನ್ನು ಮಾಡಬಾರದೆಂಬುದು ಅವನ ಮತ. ಕನ್ನಡ ಶಬ್ದವನ್ನು ಸಂಸ್ಕೃತ ಶಬ್ದದೊಡನೆ ಸಮಾಸ ಮಾಡುವುದು ಅರಿಸಮಾಸವೆಂಬ ದೋಷವೆಂದು ಹೇಳಿದ ಅವನೇ, ಬಿರುದುಗಳಲ್ಲಿಯೂ ಪೂರ್ವಕವಿಗಳ ಪ್ರಯೋಗದಲ್ಲಿಯೂ ಬಂದವುಗಳನ್ನು ಒಪ್ಪಿಕೊಳ್ಳುತ್ತಾನೆ. ನಿಯಮವನ್ನು ಹೇಳುವುದು ಪಾಂಡಿತ್ಯ. ಅದು ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವುದು ವಿವೇಕ. ಅವನಲ್ಲಿ ಎರಡೂ ಇದ್ದುವು.

ತನಗೆ ಲಕ್ಷ್ಯವಾದ ಕವಿಗಳು ಯಾರೆಂಬುದನ್ನೂ ಕೇಶಿರಾಜನು ಮುಚ್ಚಿಡದೆ ಹೇಳಿದ್ದಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಎಂಬ ಹತ್ತು ಹೆಸರುಗಳು ಆ ಪಟ್ಟಿಯಲ್ಲಿವೆ. ಇವರಲ್ಲಿ ಗಜಗ, ಗುಣನಂದಿ, ಅಸಗ ಮೊದಲಾದವರ ಕನ್ನಡ ಕಾವ್ಯಗಳು ಇಂದು ಉಪಲಬ್ಧವಿಲ್ಲ. ಉದಾಹರಣೆಗೆಂದು ಅವನು ಎತ್ತಿಟ್ಟುಕೊಂಡ ಸಾಲುಗಳಲ್ಲಿ ಅಳಿದುಹೋದ ಕಾವ್ಯಗಳ ದನಿ ಅಲ್ಲಲ್ಲಿ ನಮಗೆ ಕೇಳಿಬರುತ್ತದೆ. ತನ್ನ ಕಾವ್ಯವನ್ನು ಉಳಿಸಿಕೊಳ್ಳಲಾರದವನು ಪರರ ಕಾವ್ಯದ ತುಣುಕುಗಳನ್ನು ಉಳಿಸಿಕೊಟ್ಟನು.

ಈ ಪಟ್ಟಿಯು ಅವನ ಮಿತಿಯನ್ನೂ ತೋರಿಸುತ್ತದೆ. ಅವನಿಗಿಂತ ನೂರು ವರ್ಷಗಳ ಹಿಂದೆಯೇ ಬಸವಣ್ಣ ಮೊದಲಾದ ಶರಣರು ಜನರ ಆಡುಮಾತಿನಲ್ಲಿ ವಚನಗಳನ್ನು ರಚಿಸಿದ್ದರು. ಆ ಹತ್ತು ಹೆಸರುಗಳಲ್ಲಿ ವಚನಕಾರರೊಬ್ಬರ ಹೆಸರೂ ಇಲ್ಲ. ಹಳಗನ್ನಡದ ಮಹಾಕವಿಗಳ ಪ್ರಯೋಗವೇ ಅವನಿಗೆ ಅಳತೆಗೋಲು. ಹೊಸತಾಗಿ ಹರಿದುಬರುತ್ತಿದ್ದ ಮಾತಿನ ಹೊನಲಿಗೆ ಅವನು ಪೂರ್ಣವಾಗಿ ಬಾಗಿಲು ತೆರೆಯಲಿಲ್ಲ. ಭಾಷೆಯನ್ನು ಕಾಪಾಡಬಯಸುವವನಿಗೂ ಭಾಷೆಯನ್ನು ಬೆಳೆಸುವ ಜನಕ್ಕೂ ನಡುವೆ ಇಂಥ ಒಂದು ತೊಡಕು ಎಲ್ಲ ಕಾಲಕ್ಕೂ ಇದ್ದುದೇ.

ಕೇಶಿರಾಜನು ತನ್ನ ಗ್ರಂಥವನ್ನು ರಚಿಸಿ ಐವತ್ತು ವರ್ಷಗಳು ಕಳೆದಿರಬಹುದು. ೧೩೧೧ರಲ್ಲಿ ದೆಹಲಿಯ ಸುಲ್ತಾನನ ದಂಡನಾಯಕ ಮಲಿಕ್ ಕಾಫರನು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಮೇಲೆ ದಂಡೆತ್ತಿ ಬಂದನು. ೧೩೨೭ರ ಸುಮಾರಿಗೆ ಮತ್ತೊಂದು ದಾಳಿಯಾಯಿತು. ವೈಭವದ ರಾಜಧಾನಿ ಹಾಳಾಗಿ ಹಳೇಬೀಡೆನಿಸಿಕೊಂಡಿತು. ಅರಮನೆ ಮಣ್ಣುಗೂಡಿತು. ಸೈನ್ಯಕ್ಕೆ ಅಂಜದೆ ನಿಂತ ಕಲ್ಲಿನ ಗುಡಿಗಳೂ ಬಸದಿಗಳೂ ಗಾಯಗೊಂಡು ಉಳಿದುವು. ಶಬ್ದಮಣಿದರ್ಪಣವಾದರೋ ತಾಳೆಯ ಗರಿಗಳ ಮೇಲೆ ಊರಿಂದೂರಿಗೆ, ಗುರುವಿನಿಂದ ಶಿಷ್ಯನಿಗೆ ಸಾಗಿತು. ಗರಿಗೆ ಗೆದ್ದಲು ಹತ್ತಿದರೆ ಹೊಸ ಗರಿಗೆ ನಕಲಾಯಿತು. ಲಿಂಗಣಾರಾಧ್ಯನಂಥ ಪಂಡಿತರು ಅದಕ್ಕೆ ಟೀಕೆಯನ್ನು ಬರೆದರು. ೧೬೦೪ರಲ್ಲಿ ಭಟ್ಟಾಕಳಂಕನು ೫೯೨ ಸಂಸ್ಕೃತ ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ಆದರೂ ಕನ್ನಡಿಗರಿಗೆ ಕನ್ನಡದಲ್ಲಿಯೇ ಹೇಳಿದ ಕೇಶಿರಾಜನ ಸ್ಥಾನವು ಕುಂದಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ಎರಡನೆಯ ಹುಟ್ಟು ಬಂದಿತು. ಜರ್ಮನಿಯಿಂದ ಬಂದು ಕನ್ನಡವನ್ನು ಕಲಿತ ಫರ್ಡಿನೆಂಡ್ ಕಿಟ್ಟೆಲರು ೧೮೭೨ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಇದನ್ನು ಅಚ್ಚುಮಾಡಿಸಿ ಪ್ರಕಟಿಸಿದರು. ೧೮೯೪ರಲ್ಲಿ ಹೊರಬಂದ ಅವರ ಹೆಸರಾಂತ ನಿಘಂಟಿಗೂ, ೧೯೦೩ರಲ್ಲಿ ಪ್ರಕಟವಾದ ಅವರ ಕನ್ನಡ ವ್ಯಾಕರಣಕ್ಕೂ ಕೇಶಿರಾಜನ ಗ್ರಂಥವು ಒಂದು ಮುಖ್ಯವಾದ ಆಧಾರವಾಯಿತು. ಮುಂದೆ ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಅನೇಕ ಹಸ್ತಪ್ರತಿಗಳನ್ನು ಹೋಲಿಸಿ ಪಾಠವನ್ನು ಪರಿಷ್ಕರಿಸಿದರು. ದೋಷ ಕಂಡರೆ ತಿದ್ದಬೇಕೆಂಬ ಕೇಶಿರಾಜನ ಪ್ರಾರ್ಥನೆಯು ಹೀಗೆ ಶತಮಾನಗಳ ಬಳಿಕ ಸಲ್ಲಿತು.

ಇಂದು ಅವನ ಗ್ರಂಥಕ್ಕೆ ಮೂರನೆಯ ಹುಟ್ಟೊಂದು ಒದಗಿದೆ. ಅದನ್ನು ತಂದುದು ಗಣಕಯಂತ್ರ, ಅಂದರೆ ಕಂಪ್ಯೂಟರು. ಕಂಪ್ಯೂಟರಿಗೆ ಆಜ್ಞೆಯನ್ನು ಕೊಡುವುದಕ್ಕಾಗಿ ಮಾನವನು ನಿರ್ಮಿಸಿದ ಭಾಷೆಗಳಲ್ಲಿ ಅಕ್ಷರಗಳ ಸಾಲಿಗೆ ‘ಸ್ಟ್ರಿಂಗ್’ ಎಂದು ಹೆಸರು. ದಾರದಲ್ಲಿ ಮಣಿಗಳನ್ನು ಪೋಣಿಸಿದಂತೆ ಅಕ್ಷರಗಳನ್ನು ಪೋಣಿಸಿರುವುದರಿಂದ ಈ ಹೆಸರು ಬಂದಿತು. ಶಬ್ದಗಳನ್ನು ಮಣಿಗಳೆಂದು ಕರೆದು ತನ್ನ ಗ್ರಂಥಕ್ಕೆ ಹೆಸರಿಟ್ಟ ಕೇಶಿರಾಜನಿಗೆ ಈ ಹೋಲಿಕೆಯು ಅಪರಿಚಿತವೆನಿಸುತ್ತಿರಲಿಲ್ಲ. ಅಂಥ ಸಾಲಿನ ಮೇಲೆ ಮತ್ತೆ ಮತ್ತೆ ಮಾಡಬೇಕಾದ ಕೆಲಸಗಳಿಗೆ ಪುಟ್ಟ ಪುಟ್ಟ ಸಹಾಯಕ ವಿಧಿಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಇವುಗಳಿಗೆ ‘ಫಂಕ್ಷನ್’ ಎಂದು ಹೆಸರು. ಸಾಲಿನ ಉದ್ದವನ್ನು ಎಣಿಸುವುದು, ಎರಡು ಸಾಲುಗಳನ್ನು ಕೂಡಿಸುವುದು, ಒಂದು ಭಾಗವನ್ನು ಕತ್ತರಿಸುವುದು, ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದನ್ನಿಡುವುದು, ಸಾಲನ್ನು ತಿರುಗುಮುರುಗು ಮಾಡುವುದು, ಇವೇ ಆ ಕೆಲಸಗಳು. ಲೋಪ, ಆಗಮ, ಆದೇಶಗಳನ್ನು ಬಲ್ಲ ವಿದ್ಯಾರ್ಥಿಗೆ ಇವು ಹೊಸವಲ್ಲ. ಈ ಮೂರು ಪರಿಭಾಷೆಗಳು ಪಾಣಿನಿಯ ಕಾಲದಿಂದ ಬಂದವು. ೧೯೬೭ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸನು, ಕಂಪ್ಯೂಟರಿನ ಭಾಷೆಗಳ ವ್ಯಾಕರಣವನ್ನು ಬರೆಯುವ ಒಂದು ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದುಂಟು.

ಆದರೆ ಈ ವಿಧಿಗಳು ರೂಪುಗೊಂಡುದು ಇಂಗ್ಲಿಷಿನಂಥ ಭಾಷೆಗಳ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕನ್ನಡದ ಮುಂದೆ ಅವು ಎಡವುತ್ತವೆ. ‘ಬೇಲೂರು’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ನಮ್ಮ ಎಣಿಕೆಯಲ್ಲಿ ಇದಕ್ಕೆ ಮೂರು ಅಕ್ಷರ. ಕಂಪ್ಯೂಟರು ಬ, ಲ, ರ ಎಂಬ ಮೂರನ್ನೂ ಅವಕ್ಕೆ ಹತ್ತಿದ ಏತ್ವ, ಕೊಂಬಿನ ದೀರ್ಘ, ಕೊಂಬುಗಳೆಂಬ ಮೂರು ಚಿಹ್ನೆಗಳನ್ನೂ ಬೇರೆಬೇರೆಯಾಗಿ ಇಟ್ಟುಕೊಂಡು ಆರೆಂದು ಎಣಿಸುತ್ತದೆ. ಇದನ್ನು ಹಿಂದುಮುಂದಾಗಿಸಲು ಹೇಳಿದರೆ ನಮಗೆ ಬೇಕಾದುದು ‘ರುಲೂಬೇ’. ಕಂಪ್ಯೂಟರಿನ ಸಾಮಾನ್ಯ ವಿಧಿಯು ಚಿಹ್ನೆಗಳನ್ನು ಅಕ್ಷರಗಳಿಂದ ಕಿತ್ತು ತಿರುಗಿಸುವುದರಿಂದ, ಕೊನೆಯ ಕೊಂಬು ಆಸರೆಯಿಲ್ಲದೆ ಮುಂದೆ ಬಂದು ನಿಲ್ಲುತ್ತದೆ. ಉಳಿದವು ತಮ್ಮದಲ್ಲದ ವ್ಯಂಜನಗಳಿಗೆ ಅಂಟಿಕೊಂಡು ‘ರೂಲೇಬ’ ಎಂಬ ಅಸಂಬದ್ಧ ರೂಪವಾಗುತ್ತದೆ. ಸ್ವರವು ವ್ಯಂಜನದೊಡನೆ ಕೂಡಿ ಒಂದೇ ಅಕ್ಷರವಾಗುವುದೆಂಬ ನಮ್ಮ ಮೊದಲ ಪಾಠವನ್ನು ಯಂತ್ರಕ್ಕೆ ಯಾರಾದರೂ ಕಲಿಸಲೇಬೇಕು.

ಸಂಧಿಯ ವಿಷಯವೂ ಹೀಗೆಯೇ. ಒಂದು ದೊಡ್ಡ ಗ್ರಂಥದಲ್ಲಿ ‘ಹಳೇಬೀಡು’ ಎಂಬ ಹೆಸರು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಲು ಹೇಳಿದರೆ, ಅಕ್ಷರಕ್ಕೆ ಅಕ್ಷರವನ್ನು ಹೋಲಿಸುವ ಯಂತ್ರಕ್ಕೆ ‘ಹಳೇಬೀಡಿನಲ್ಲಿ’, ‘ಹಳೇಬೀಡಿಗೆ’ ಎಂಬ ರೂಪಗಳು ಕಾಣಿಸುವುದಿಲ್ಲ. ಕೊನೆಯ ಉಕಾರವು ಅಲ್ಲಿಲ್ಲವಷ್ಟೆ. ‘ಅರಸೀಕೆರೆ’ಯನ್ನು ಹುಡುಕಿದರೆ ‘ಅರಸೀಕೆರೆಯಲ್ಲಿ’ ಎಂಬುದು ಸಿಕ್ಕೀತು. ಏಕೆಂದರೆ ಅಲ್ಲಿ ಯಾವ ಅಕ್ಷರವೂ ಬೀಳದೆ ಯಕಾರವು ಬಂದು ಸೇರಿದೆ. ಒಂದು ಊರು ಸಿಕ್ಕಿ ಇನ್ನೊಂದು ಊರು ತಪ್ಪಿಹೋಗುವುದೇಕೆಂಬುದಕ್ಕೆ ಉತ್ತರ ಯಂತ್ರದಲ್ಲಿಲ್ಲ. ಲೋಪ ಆಗಮಗಳ ನಿಯಮದಲ್ಲಿದೆ. ಕನ್ನಡ ಶಬ್ದಗಳನ್ನು ಬಿಡಿಸುವ, ಕೂಡಿಸುವ, ಕಾಗುಣಿತವನ್ನು ಪರೀಕ್ಷಿಸುವ ವಿಧಿಗಳನ್ನು ಬರೆಯುವ ಇಂದಿನ ತರುಣರು, ಅರಿತೋ ಅರಿಯದೆಯೋ, ಸಂಧಿಪ್ರಕರಣ ನಾಮಪ್ರಕರಣಗಳ ಹಾದಿಯಲ್ಲಿಯೇ ನಡೆಯುತ್ತಿದ್ದಾರೆ.

ಕೇಶಿರಾಜನು ಕಾಪಾಡಲೆಂದು ಹೆಣಗಿದ ೞಕಾರದ ಕಥೆಯನ್ನೂ ಇಲ್ಲಿ ಹೇಳಬೇಕು. ಲೋಕದ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ‘ಯೂನಿಕೋಡ್’ ಎಂಬ ಪಟ್ಟಿಯ ಮೊದಲ ಆವೃತ್ತಿಯು ೧೯೯೧ರಲ್ಲಿ ಹೊರಬಂದಿತು; ಕನ್ನಡವೂ ಅದರಲ್ಲಿ ಸೇರಿತು. ಬಳಕೆಯಿಂದ ಮರೆಯಾದ ಱ, ೞಗಳಿಗೂ ಈ ಪಟ್ಟಿಯಲ್ಲಿ ಸ್ಥಾನವುಂಟು. ಆದರೆ ೞಕಾರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಬಾರದೆಂಬುದು ಆ ಪಟ್ಟಿಯ ಕಟ್ಟಳೆ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಬೇಕಾಯಿತು. ಒಂದು ಅಕ್ಷರವನ್ನು ಬಲ್ಲವರು ಕಡಿಮೆಯಾದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಅದು ಫಕಾರವಲ್ಲ, ೞಕಾರವೆಂದು ಇಂದು ನಾವು ದೃಢವಾಗಿ ಹೇಳಬಲ್ಲೆವಾದರೆ ಅದಕ್ಕೆ ಕಾರಣ ಶಾಸನಗಳೂ ಕಾವ್ಯಗಳೂ ಕೇಶಿರಾಜನ ಪಟ್ಟಿಗಳೂ ನಮ್ಮ ಕೈಯಲ್ಲಿರುವುದು.

ನಾವು ಆರಂಭದಲ್ಲಿ ಹೆಸರಿಸಿದ ಮೂರು ಊರುಗಳನ್ನು ಮತ್ತೊಮ್ಮೆ ಕೇಶಿರಾಜನ ಕಣ್ಣಿನಿಂದ ನೋಡೋಣ. ಅರಸಿಯ ಕೆರೆಯಿಂದ ಹೆಸರಾದ ಅರಸೀಕೆರೆಯಲ್ಲಿ ಷಷ್ಠಿಯ ಯಕಾರವು ಲೋಪವಾಗಿ ಇಕ್ಕಾರವು ದೀರ್ಘವಾಗಿದೆ. ಹಳೆಯ ಕಾಲದಲ್ಲಿ ‘ಕೆಱೆ’ ಎಂದು ಬರೆಯುತ್ತಿದ್ದ ಱಕಾರವು ರಕಾರವಾಗಿದೆ. ‘ಪೞೆಯ’ ಎಂಬುದು ‘ಹಳೆಯ’ವಾದಾಗ ಎರಡು ಅಕ್ಷರಗಳು ಬದಲಾದುವು, ಆ ಮಾತಿನಿಂದ ಹಳೇಬೀಡು. ಶಾಸನಗಳು ವೇಲಾಪುರವೆಂದು ಕರೆಯುವ ಊರು ಜನರ ಬಾಯಲ್ಲಿ ಬೇಲೂರು. ವಕಾರಕ್ಕೂ ಬಕಾರಕ್ಕೂ ಇರುವ ನಂಟನ್ನು ಅಪಭ್ರಂಶ ಪ್ರಕರಣವನ್ನು ಓದಿದವರು ಬಲ್ಲರು. ದಾರಿಯ ಬದಿಯ ಊರ ಫಲಕವೂ ಒಂದು ಪಾಠವಾಗುತ್ತದೆ.

ಶಿಲ್ಪಿಯು ಕಲ್ಲಿನಲ್ಲಿ ಬೇಡವಾದುದನ್ನು ತೆಗೆದು ಮೂರ್ತಿಯನ್ನು ಕಂಡನು. ಕೇಶಿರಾಜನು ಮಾತಿನಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಸೇರಿಸಬೇಕು, ಯಾವುದನ್ನು ಬದಲಿಸಬೇಕು, ಎಲ್ಲಿ ಕೈಯಿಡದೆ ಸುಮ್ಮನಿರಬೇಕು ಎಂಬುದನ್ನು ಕಂಡನು. ಅವನ ಅರಸರ ರಾಜ್ಯವು ಅಳಿಯಿತು. ಅವನ ಕಾವ್ಯಗಳು ಅಳಿದುವು. ಅವನು ಕಾಯ್ದ ಅಕ್ಷರಗಳಲ್ಲಿ ಎರಡು ನಮ್ಮ ವರ್ಣಮಾಲೆಯಿಂದಲೇ ಜಾರಿಹೋದುವು. ಆದರೂ ‘ಮನೆ’ಗೆ ‘ಅನ್ನು’ ಸೇರಿಸುವ ಪ್ರತಿಯೊಂದು ಮಗುವಿನ ಬಾಯಲ್ಲಿ ಆ ಯಕಾರವು ಇಂದಿಗೂ ತಾನಾಗಿ ಬಂದು ನಿಲ್ಲುತ್ತದೆ. ಅದು ಏಕೆ ಬಂದಿತೆಂದು ಒಂದು ಕ್ಷಣ ನಿಂತು ಯೋಚಿಸುವ ವಿದ್ಯಾರ್ಥಿಯು ಕೇಶಿರಾಜನ ಮನೆಯ ಜಗಲಿಯನ್ನು ಹತ್ತಿದಂತೆಯೇ ಸರಿ.

ಅಭ್ಯಾಸ

೧. ಕೇಶಿರಾಜನ ಮನೆತನದ ಹಿರಿಯರನ್ನು ಪರಿಚಯಿಸಿರಿ.

೨. ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿ ಮಾಡಲು ಕಾರಣವೇನು?

೩. ಲೋಪ, ಆಗಮ, ಆದೇಶಗಳಿಗೂ ಕಂಪ್ಯೂಟರಿನ ಸಹಾಯಕ ವಿಧಿಗಳಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.

೪. ನಿಮ್ಮ ಊರಿನ ಹೆಸರಿಗೆ ‘ಅನ್ನು’, ‘ಅಲ್ಲಿ’ ಎಂಬ ಪ್ರತ್ಯಯಗಳನ್ನು ಸೇರಿಸಿ, ಯಾವ ಅಕ್ಷರ ಬಂದಿತು, ಯಾವುದು ಹೋಯಿತೆಂಬುದನ್ನು ಬರೆಯಿರಿ.